ಅಣ್ಣ ಬರುವವರೆಗಿನ ಉಸಿರು

ನನ್ನ ಸಾವಿಗೆ ಬಂದಿದ್ದವರಲ್ಲಿ ಅರ್ಧ ಜನ ಈಗಲೂ ಊಟಿ ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಅವರನ್ನು ದೂರಲಾರೆ. ಒಬ್ಬಳ ಬಳೆ ಯಾರಿಗೆ ಸೇರಬೇಕೆಂದು ಅವಳ ತಲೆಯ ಹತ್ತಿರವೇ ಕೂತು ತೀರ್ಮಾನ ಮಾಡಿದ ಮೇಲೆ, ಅವಳು ಎದ್ದು ಬಂದು ಅದೇ ಬಳೆ ತೊಟ್ಟು ಬಸ್ಸಿಗೆ ಕಾಯುತ್ತ ನಿಂತರೆ ಯಾರಿಗಾದರೂ ಮುಜುಗರವೇ. ನಾನಂತೂ ಬೇಕೆಂದೇ ಕೈ ಎತ್ತಿ ಕರೆದು ಮಾತಾಡಿಸುತ್ತೇನೆ. ಇಷ್ಟು ಸಣ್ಣ ಸುಖವೂ ಬೇಡವೆಂದರೆ ಬದುಕಿ ಏನು ಪ್ರಯೋಜನ?

ಬರೆಯಬೇಕೆಂದು ಅನ್ನಿಸಿದ್ದು ಮೈಸೂರಿನ ಒಂದು ಆಸ್ಪತ್ರೆಯಲ್ಲಿ. ಯಾರನ್ನೋ ನೋಡಲು ಹೋಗಿದ್ದೆ. ವರಾಂಡದಲ್ಲಿ ಒಬ್ಬ ಹೆಂಗಸು ಗಂಡನ ಬಾಯಿಯ ಕೊಳವೆಗೆ ಸಿಕ್ಕಿಸಿದ ಉಸಿರಿನ ಚೀಲ ಒತ್ತುತ್ತ, ಪಕ್ಕದವರಿಗೆ ಅವನ ಕುಡಿತದ ಕಥೆ ಹೇಳುತ್ತಿದ್ದಳು. ಕೇಳಿಸುತ್ತದಮ್ಮ, ಅವರಿಗೆ ಕೇಳಿಸುತ್ತಿರಬಹುದು ಅಂದೆ. ಅವಳು ನನ್ನನ್ನು ಹುಚ್ಚಿಯ ಹಾಗೆ ನೋಡಿದಳು. ಆ ಚೀಲದ ಇನ್ನೊಂದು ತುದಿಯಲ್ಲಿ ಮಲಗಿದ್ದವರು ಬರೆದದ್ದನ್ನು ನಾನು ಎಲ್ಲೂ ಓದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಾನು ನೀಲಗಿರಿಯ ಬಡಗರವಳು. ಅಪ್ಪ ಮೈಸೂರಿನ ತರಕಾರಿ ಮಂಡಿಯಲ್ಲಿ ಆಲೂಗಡ್ಡೆ ವ್ಯಾಪಾರ ನೋಡಿಕೊಳ್ಳುತ್ತಿದ್ದುದರಿಂದ ನನ್ನ ಓದೆಲ್ಲ ಅಲ್ಲಿ, ಕನ್ನಡದಲ್ಲಿ. ಮದುವೆಯಾಗಿ ಬಂದದ್ದು ತುಮ್ಮನಟ್ಟಿಯ ಹತ್ತಿರದ ಒಂದು ಹಟ್ಟಿಗೆ. ಹಟ್ಟಿಯವರ ಮಾತನ್ನು ಓದುವವರಿಗೆ ತಿಳಿಯಲೆಂದು ಕನ್ನಡದ ಕಡೆಗೆ ಬಗ್ಗಿಸಿ ಬರೆದಿದ್ದೇನೆ. ಗಂಡನನ್ನು ಬಹುವಚನದಲ್ಲಿ ಬರೆಯುವುದು ಮೈಸೂರಿನ ಮರ್ಯಾದೆ. ನನ್ನ ಅತ್ತೆ, ನಾವು ಮಾಮಿ ಎನ್ನುತ್ತೇವೆ, ಅವರ ವಿಷಯದಲ್ಲಿ ಆ ಮರ್ಯಾದೆ ತಾನಾಗಿ ಬರುತ್ತದೆ. ಗಂಡ ಭೋಜ, ಅವನ ವಿಷಯದಲ್ಲಿ ಬರುತ್ತಿಲ್ಲ.

ಆ ವರ್ಷ ಭೋಜ ಕೆಳಗೆ ಮಸಿನಗುಡಿಯಲ್ಲಿ ಗುತ್ತಿಗೆಗೆ ಜಮೀನು ಹಿಡಿದು ಅವರೆ ಹಾಕಿದ್ದ. ಹಂದಿ, ಆನೆ ಕಾಯಲು ನಾವಿಬ್ಬರೂ ಹೊಲದ ಗುಡಿಸಲಿನಲ್ಲೇ ಮಲಗುತ್ತಿದ್ದೆವು. ಅವನಿಗೆ ಮಂಚ, ನನಗೆ ನೆಲ. ಗುಡಿಸಲು ಕಟ್ಟಿದವರು ಯಾರೋ, ಮಂಚ ಒಂದೇ ಇತ್ತು. ಒಂದು ಬೆಳಿಗ್ಗೆ ಏಳುವಾಗ ಹೊಟ್ಟೆಯಲ್ಲಿ ತಿರುಚಿದಂಥ ನೋವು. ಭೋಜ ಸೋಡಾ ಕುಡಿಸಿದ. ಸೋಡಾ ಗಂಟಲಿನಲ್ಲಿ ಇಳಿಯದೆ ಮೂಗಿನಿಂದ ಹೊರಗೆ ಬಂತು. ಅದನ್ನು ಕಂಡು ಅವನು ನಕ್ಕ, ನಾನೂ ನಕ್ಕೆ. ನಾನು ನಕ್ಕಿದ್ದು ಅದೇ ಕೊನೆ. ಸ್ವಲ್ಪ ಹೊತ್ತಿಗೆ ರೆಪ್ಪೆಗಳು ತಾವಾಗಿ ಇಳಿದವು. ಬೆರಳಿನಿಂದ ಎತ್ತಿ ಹಿಡಿದರೆ ಒಬ್ಬ ಭೋಜನ ಬದಲು ಇಬ್ಬರು ಭೋಜರು ಕಂಡರು.

ಜೀಪಿನಲ್ಲಿ ಕಲ್ಹಟ್ಟಿ ಘಾಟಿ ಹತ್ತುವಾಗ ನಾಲಿಗೆ ಸತ್ತಿತು, ಕತ್ತು ಸತ್ತಿತು. ಕೈ ಎಲ್ಲಿದೆ ಎಂದು ಗೊತ್ತಿತ್ತು, ಎತ್ತಲು ಆಗಲಿಲ್ಲ. ಊಟಿ ಇನ್ನೂ ದೂರವಿರುವಾಗಲೇ ಎದೆ ಏಳುವುದನ್ನು ನಿಲ್ಲಿಸಿತು. ಭೋಜ ಬಾಯಿಗೆ ಬಾಯಿಟ್ಟು ಊದಿದ. ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಆ ಉಸಿರಿನಲ್ಲಿ ಬೀಡಿಯ ವಾಸನೆಯಿತ್ತು. ಈ ಕಥೆಯಲ್ಲಿ ಮುಂದೆ ಏನೇ ಬರಲಿ, ಅದನ್ನು ಮಾಡಿದ್ದು ಅವನೇ. ನಾನು ಸುಳ್ಳು ಬರೆಯುವುದಿಲ್ಲ.

ನಮಗೆ ಸಿಕ್ಕಿದ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಗಂಟಲಿಗೆ ಕೊಳವೆ ಇಳಿಸಿ, ಅದರ ತುದಿಗೆ ರಬ್ಬರಿನ ಚೀಲ ಸಿಕ್ಕಿಸಿದರು. ಆಂಬು ಬ್ಯಾಗ್ ಎನ್ನುತ್ತಾರೆ. ಒತ್ತಿದರೆ ಗಾಳಿ ಎದೆಗೆ ಹೋಗುತ್ತದೆ, ಬಿಟ್ಟರೆ ಚೀಲ ತಾನೇ ಉಬ್ಬಿಕೊಳ್ಳುತ್ತದೆ. ತಾನೇ ಉಸಿರಾಡಿಸುವ ಯಂತ್ರ ಅಲ್ಲಿರಲಿಲ್ಲ. ನನ್ನನ್ನು ಗಾಲಿಮಂಚದ ಮೇಲೆ, ಹೊರಗೆ ಕಾಯುವವರ ಬೆಂಚಿನ ಪಕ್ಕದಲ್ಲೇ ಮಲಗಿಸಿದರು. ಹಟ್ಟಿಯಿಂದ ಮಾಮಿಯೂ ನಾದಿನಿ ಪದ್ಮಳೂ ಓಡಿ ಬಂದರು. ಅದೇ ಬೆಂಚಿನಲ್ಲಿ ಹಲ್ಲುನೋವಿನ ಒಬ್ಬ ಮುದುಕ ಕೂತಿದ್ದ. ನನ್ನಿಂದಾಗಿ ತನ್ನ ಸರದಿ ತಡವಾಯಿತೆಂದು ಆತ ಕೊನೆಯವರೆಗೂ ಗೊಣಗುತ್ತಲೇ ಇದ್ದ.

ಡಾಕ್ಟರು ರೆಪ್ಪೆ ಎತ್ತಿ ಟಾರ್ಚು ಹಾಕಿದರು. ಬೆಳಕು ನನಗೆ ಕಂಡಿತು. ಕಣ್ಣಿನ ಪಾಪೆ ಮಾತ್ರ ಕಿರಿದಾಗಲಿಲ್ಲವಂತೆ. ದಾರಿಯಲ್ಲಿ ಉಸಿರು ನಿಂತಿದ್ದರಿಂದ ಮೆದುಳು ಹೋಗಿದೆ, ಕೊಯಮತ್ತೂರಿಗೆ ಒಯ್ದರೂ ಫಲವಿಲ್ಲ ಎಂದು ಭೋಜನಿಗೆ ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಮನೆಗೆ ಒಯ್ಯಿರಿ, ಅಲ್ಲಿಯವರೆಗೆ ಚೀಲ ಒತ್ತುತ್ತಿರಿ, ಮನೆ ತಲುಪಿದ ಮೇಲೆ ಕೊಳವೆ ತೆಗೆಯಿರಿ. ನಮ್ಮ ಕಡೆ ಇದು ಹೊಸದಲ್ಲ. ಸತ್ತವರನ್ನು ತರುವುದಕ್ಕಿಂತ ಸಾಯುವವರನ್ನು ತರುವುದು ಲೇಸೆಂದು ಎಷ್ಟೋ ಮನೆಗಳಿಗೆ ಹೀಗೆ ತಂದಿದ್ದಾರೆ. ನಾನೇ ಒಂದೆರಡು ಮನೆಗೆ ನೋಡಲು ಹೋಗಿ ಅಯ್ಯೋ ಪಾಪ ಅಂದು ಕಾಫಿ ಕುಡಿದು ಬಂದಿದ್ದೇನೆ. ಈಗ ಅವರೆಲ್ಲರ ಮುಖ ಒಂದೊಂದಾಗಿ ನೆನಪಾಯಿತು. ಕೂಗಿಕೊಂಡೆ. ನನ್ನೊಳಗೆ ಮಾತ್ರ ಕೂಗಿಕೊಂಡೆ. ಹೊರಡುವಾಗ ಅಲ್ಲಿನ ನರ್ಸು, ಕೆಲಸ ಮುಗಿದ ಮೇಲೆ ಚೀಲವನ್ನು ತೊಳೆದು ವಾಪಸು ಕೊಡಬೇಕು, ಬೇರೆಯವರಿಗೆ ಬೇಕಾಗುತ್ತದೆ ಎಂದು ಪದ್ಮಳಿಗೆ ಹೇಳಿದಳು. ಪದ್ಮ ಆಯಿತು ಅಂದಳು.

ಒತ್ತುವ ಲೆಕ್ಕವನ್ನು ಹೇಳಿಕೊಟ್ಟದ್ದೂ ಆ ನರ್ಸೇ. ನೀವು ಉಸಿರು ಎಳೆದುಕೊಳ್ಳುವಾಗ ಒತ್ತಿ, ನೀವು ಬಿಡುವಾಗ ಬಿಡಿ, ಅಷ್ಟೆ.

ಹಟ್ಟಿಯ ಮನೆಯ ನಡುಕೋಣೆಯಲ್ಲಿ ಹಾಸಿಗೆ ಹಾಸಿದರು. ಸಲೈನ್ ಬಾಟಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಿದರು. ಭೋಜ ಕೊಳವೆಯ ಪ್ಲಾಸ್ಟರಿಗೆ ಕೈ ಹಾಕಿದಾಗ ಮಾಮಿ ತಡೆದರು. ಹೆಣ್ಣು ಕೊಟ್ಟ ಮನೆಯವರು ಬಂದು ಮುಖ ನೋಡದೆ ಉಸಿರು ಬಿಡಿಸಿದರೆ ನಾಳೆ ಅವರಿಗೆ ಏನು ಉತ್ತರ ಕೊಡುವುದು ಎಂಬುದು ಅವರ ವಾದ. ಹಟ್ಟಿಯ ಗೌಡರೂ ಅದು ಸರಿ ಅಂದರು. ಅಪ್ಪ ಅಮ್ಮ ಹೋಗಿ ಎಷ್ಟೋ ವರ್ಷವಾಗಿತ್ತು. ನನ್ನ ಕಡೆಯವನೆಂದರೆ ಅಣ್ಣ ಮಹೇಶ ಒಬ್ಬನೇ. ಯಾರೋ ಎಸ್‌ಟಿಡಿ ಬೂತಿಗೆ ಓಡಿದರು. ಮೈಸೂರಿನಲ್ಲಿ ಅಣ್ಣನ ಪಕ್ಕದ ಮನೆಯವರು ಫೋನ್ ಎತ್ತಿ, ಅವನು ಲಾರಿ ತೆಗೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದಾನೆ, ಬಂದ ತಕ್ಷಣ ಕಳಿಸುತ್ತೇವೆ ಅಂದರಂತೆ.

ಹಾಗೆ ನನ್ನ ಜೀವ ಹುಬ್ಬಳ್ಳಿಯ ಲಾರಿಯ ಮೇಲೆ ನಿಂತಿತು. ಅವನು ಬೇಗ ಬಂದರೆ ನಾನು ಬೇಗ ಸಾಯಬೇಕು. ನಮ್ಮ ಬಡಗರ ದೇವತೆ ಹೆತ್ತಮ್ಮನನ್ನು ನಾನು ಬೇಡಿಕೊಂಡದ್ದು ಒಂದೇ, ಲಾರಿಯ ಟೈರು ಪಂಚರ್ ಆಗಲಿ.

ಹಟ್ಟಿಯವರು ಸರದಿಯ ಮೇಲೆ ಒತ್ತಿದರು. ಕಣ್ಣು ಮುಚ್ಚಿದ್ದರೂ ಯಾರ ಸರದಿ ಎಂದು ನನಗೆ ಗೊತ್ತಾಗುತ್ತಿತ್ತು. ಭೋಜನ ದೊಡ್ಡಪ್ಪನ ಮಗ ಪಂಪು ಹೊಡೆದ ಹಾಗೆ ಒತ್ತಿ ಪಕ್ಕೆಲುಬು ಮುರಿಯುವ ಹಾಗೆ ಮಾಡುತ್ತಿದ್ದ. ಪದ್ಮಳಿಗೆ ಮಾತು ಬೇಕು. ಮಾತಿನಲ್ಲಿ ಸ್ವಾರಸ್ಯ ಬಂದಾಗ ಕೈ ನಿಲ್ಲುತ್ತಿತ್ತು, ಅಯ್ಯೋ ಎಂದು ನೆನಪಾದಾಗ ಬಡಬಡ ಎರಡು ಸಾರಿ ಒತ್ತುತ್ತಿದ್ದಳು. ಅವಳ ಮಾತು ಚೆನ್ನಾಗಿರದಿರಲಿ ಎಂದು ಹಾರೈಸುತ್ತ ಮಲಗಿದ್ದೆ. ಬಳೆಯ ಮಾತು ಬಂದದ್ದು ಅವಳ ಸರದಿಯಲ್ಲೇ. ಕಾಲಿನ ಚೈನು ತನಗೆ, ಬಳೆ ದೊಡ್ಡಪ್ಪನ ಮನೆಯವಳಿಗೆ. ಮಕ್ಕಳಿಲ್ಲದ್ದು ಒಳ್ಳೆಯದೇ ಆಯಿತು ಎಂದು ಇನ್ನೊಬ್ಬಳು ಅಂದಳು. ಭೋಜ ಇನ್ನೂ ಚಿಕ್ಕವನು, ಅರವಂಕಾಡಿನ ಕಡೆ ತನ್ನ ಚಿಕ್ಕಪ್ಪನ ಮಗಳು ಇದ್ದಾಳೆ, ಹತ್ತನೆಯ ಕ್ಲಾಸು ಓದಿದ್ದಾಳೆ, ಅಡುಗೆ ಚೆನ್ನಾಗಿ ಮಾಡುತ್ತಾಳೆ ಎಂದಳು ಮತ್ತೊಬ್ಬಳು. ನನ್ನ ಅಡುಗೆಯ ಬಗ್ಗೆಯೂ ಒಂದೆರಡು ಮಾತು ಬಂತು. ಸಾಯುವವಳಿಗೆ ಸಿಟ್ಟು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನನ್ನು ಹಿಡಿದು ನಿಲ್ಲಿಸಿದ್ದೇ ಆ ಸಿಟ್ಟು.

ಇದೆಲ್ಲದರ ನಡುವೆ ಒಂದು ನೊಣ ಬಂದು ಮೂಗಿನ ಮೇಲೆ ಕೂರುತ್ತಿತ್ತು. ಬಳೆ ಹೋಗಲಿ, ಗಂಡ ಹೋಗಲಿ, ಯಾರಾದರೂ ಆ ನೊಣ ಓಡಿಸಿದರೆ ಸಾಕು ಅನ್ನಿಸುತ್ತಿತ್ತು. ಓಡಿಸುತ್ತಿದ್ದವರು ಮಾಮಿ ಒಬ್ಬರೇ. ಬಾಯಿಯ ಅಂಚಿನಲ್ಲಿ ಇಳಿದ ಜೊಲ್ಲನ್ನು ತಾವು ಮೈಗೆ ಸುತ್ತಿದ್ದ ಬಿಳಿ ಮುಂಡಿನ ತುದಿಯಿಂದ ಒರೆಸುತ್ತಿದ್ದರು. ಅವರದು ಹಾಲು ಕರೆದು ಪಳಗಿದ ಕೈ. ನರ್ಸು ಹೇಳಿದ್ದನ್ನು ಅಕ್ಷರಶಃ ಹಿಡಿದುಕೊಂಡು, ತಾವು ಉಸಿರು ಎಳೆದಾಗ ಒತ್ತಿ, ಬಿಟ್ಟಾಗ ಬಿಡುತ್ತಿದ್ದರು. ಅವರ ಸರದಿಯಲ್ಲಿ ಮಾತ್ರ ನಾನು ನಿದ್ದೆ ಮಾಡಿದೆ. ಹಾಗೆಂದು ಮಾಮಿಗೆ ನನ್ನ ಮೇಲೆ ಬಹಳ ಪ್ರೀತಿ ಇತ್ತೆಂದು ತಿಳಿಯಬೇಡಿ. ಮೈಸೂರಿನವಳು, ನೆಲಕ್ಕೆ ಬಗ್ಗಿ ಕೆಲಸ ಮಾಡಲಾರದವಳು ಎಂದು ಮದುವೆಯಾದ ದಿನದಿಂದ ಹಂಗಿಸಿದವರು ಅವರೇ. ಈಗಲೂ ಅವರು ಕಾಯುತ್ತಿದ್ದದ್ದು ನಾನು ಬದುಕಲೆಂದಲ್ಲ, ನಾನು ಸರಿಯಾಗಿ ಸಾಯಲೆಂದು. ಆದರೂ ಆ ಕೈ ಒಂದು ಉಸಿರನ್ನೂ ತಪ್ಪಿಸಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಗಂಡಸರು ಊಟಕ್ಕೆ ಹೋದರು. ಮಾಮಿ ಹಸುವಿಗೆ ಹುಲ್ಲು ಹಾಕಲು ಹಿತ್ತಲಿಗೆ ಹೋದರು. ಭೋಜ ಒಬ್ಬನೇ ಉಳಿದ. ಅವನ ಕೈ ಮೊದಲ ದಿನ ಜೋಪಾನವಾಗಿತ್ತು. ಈಗ ದಣಿದಿತ್ತು. ಒತ್ತುವುದು ನಿಧಾನವಾಯಿತು, ಇನ್ನೂ ನಿಧಾನವಾಯಿತು. ಅವನು ನನ್ನ ಹಣೆಯ ಹತ್ತಿರ ಬಗ್ಗಿದ.

"ಸಾಕು ಸುಶೀ," ಎಂದ. "ನಿನಗೂ ಸಾಕು, ಎನಗೂ ಸಾಕು."

ಎದೆಯಲ್ಲಿದ್ದ ಗಾಳಿ ಹೊರಗೆ ಹೋಯಿತು. ಮುಂದಿನ ಉಸಿರಿಗೆ ಕಾದೆ. ಬರಲಿಲ್ಲ. ಎಲ್ಲೋ ಬೀಡಿ ಹಚ್ಚಿಕೊಳ್ಳುತ್ತಿರಬೇಕು ಅಂದುಕೊಂಡೆ, ನಿಜವಾಗಿಯೂ ಹಾಗೆ ಅಂದುಕೊಂಡೆ. ಆಮೇಲೆ ಅವನ ಅಳು ಕೇಳಿಸಿತು, ಹತ್ತಿರದಲ್ಲೇ. ಅವನು ಮರೆತಿರಲಿಲ್ಲ. ಎದೆ ಒಳಗಿನಿಂದ ಉರಿಯಿತು. ಕಿವಿಯಲ್ಲಿ ರಕ್ತ ಬಡಿಯುವ ಸದ್ದು ಬಿಟ್ಟು ಬೇರೆಲ್ಲ ಅಳಿಸಿಹೋಯಿತು. ನೀರಿನಲ್ಲಿ ಮುಳುಗುವವರು ಕೈಕಾಲಾದರೂ ಬಡಿಯುತ್ತಾರೆ. ನಾನು ಒಪ್ಪವಾಗಿ ಮಲಗಿಕೊಂಡು ಮುಳುಗಿದೆ. ಇದಕ್ಕಿಂತ ಹೆಚ್ಚಾಗಿ ಅದನ್ನು ಬರೆಯಲು ನನಗೆ ಇಷ್ಟವಿಲ್ಲ.

ಮತ್ತೆ ಉಸಿರು ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು, ಗಡಿಬಿಡಿಯಲ್ಲಿ. ಕಿವಿ ತೆರೆದಾಗ ಮಾಮಿಯ ದನಿ ಕೋಣೆಯೊಳಗಿತ್ತು. "ಏನ ಭೋಜ, ಕೈ ನೋತು ಹೋಚಾ?" ಎಂದು ಕೇಳುತ್ತಿದ್ದರು. ಕೈ ನೋವಾಯಿತೇ ಎಂದು. ಅವನು ಹೂಂ ಅಂದ. ಮಾಮಿ ಚೀಲ ತೆಗೆದುಕೊಂಡರು. ಅವನಾಗಿಯೇ ಮನಸ್ಸು ತಿರುಗಿ ಒತ್ತಿದ್ದು ಮೊದಲೋ, ಮಾಮಿ ಬಾಗಿಲಿಗೆ ಬಂದದ್ದು ಮೊದಲೋ, ನನಗೆ ತಿಳಿಯಲಿಲ್ಲ. ಆ ಹೊತ್ತಿನಿಂದ ನನಗೆ ತಿಳಿಯಬೇಕಾಗಿದ್ದುದು ಜಗತ್ತಿನಲ್ಲಿ ಅದೊಂದೇ.

ಮೂರನೆಯ ದಿನ ಅಣ್ಣ ಬಂದ. ನನ್ನ ಪಾದ ಹಿಡಿದು ಗೋಳಾಡಿದ. ಅವನ ಅಳು ಕೇಳಿ ನನಗೆ ಬಂದ ಯೋಚನೆ ಒಂದೇ, ಬಂದುಬಿಟ್ಟೆಯಾ ಪಾಪಿ.

ಇನ್ನು ಉಳಿದದ್ದು ಹಣ. ನಮ್ಮ ಬಡಗರಲ್ಲಿ ಸಾಯುವವರ ಬಾಯಿಗೆ ಉಗುರಿನಷ್ಟು ಸಣ್ಣ ಚಿನ್ನದ ಹಣವೊಂದನ್ನು ತುಪ್ಪದಲ್ಲಿ ಅದ್ದಿ ಇಟ್ಟು ನುಂಗಿಸುವುದು ಹಳೆಯ ಪದ್ಧತಿ. ಆ ಲೋಕದ ದಾರಿಗೆಂದು. ಮಾಮಿ ಪೆಟ್ಟಿಗೆ ತೆರೆದು, ತಮ್ಮ ಸಾವಿಗೆಂದು ಬಟ್ಟೆಯಲ್ಲಿ ಕಟ್ಟಿ ಇಟ್ಟುಕೊಂಡಿದ್ದ ಹಣವನ್ನೇ ತಂದರು. ಕೊಳವೆ ಇರುವಾಗ ನುಂಗುವುದು ಹೇಗೆ ಎಂದು ಗೌಡರು ಕೇಳಿದರು. ನುಂಗಲಾರದವರಿಗೆ ತೋಳಿಗೆ ಕಟ್ಟಿದರೂ ಸಾಕು ಅಂದರು. ಮಾಮಿ ಒಪ್ಪಲಿಲ್ಲ. ತಮ್ಮ ಮನೆಯ ಸೊಸೆ ಬರಿ ಹೊಟ್ಟೆಯಲ್ಲಿ ಹೋಗಬಾರದು ಅಂದರು. ಹಾಗಾದರೆ ಕೊಳವೆ ತೆಗೆದುಬಿಡಿ, ಹೇಗೂ ತೆಗೆಯುವುದೇ ಎಂದು ಯಾರೋ ಅಂದರು. ದೊಡ್ಡಪ್ಪನ ಮಗ ಕೆನ್ನೆಯ ಪ್ಲಾಸ್ಟರು ಕೀಳತೊಡಗಿದ. ಪ್ಲಾಸ್ಟರಿನ ಜೊತೆಗೆ ಕೆನ್ನೆಯ ಕೂದಲೂ ಕಿತ್ತು ಬಂತು, ಆ ನೋವು ನನಗೆ ಈಗಲೂ ನೆನಪಿದೆ.

ಅವನು ಕೀಳುತ್ತಿರುವಾಗಲೇ ಮಾಮಿ ಹಣವನ್ನು ಬೆರಳ ತುದಿಯಲ್ಲಿ ಹಿಡಿದು ಕೊಳವೆಯ ಪಕ್ಕದಿಂದ ನನ್ನ ಬಾಯೊಳಗೆ ತೂರಿಸಿದರು. ನಾಲಿಗೆಯ ಮೇಲೆ ತುಪ್ಪ. ಬೆಳಿಗ್ಗೆಯಿಂದ ದವಡೆಯ ಬುಡದಲ್ಲಿ ಏನೋ ಮಿಸುಕುತ್ತಿರುವುದು ನನಗೆ ಗೊತ್ತಾಗಿತ್ತು. ನಂಬಿರಲಿಲ್ಲ. ಈಗ ನನ್ನಲ್ಲಿದ್ದ ಎಲ್ಲವನ್ನೂ, ಬಳೆ, ಚೈನು, ಅರವಂಕಾಡಿನ ಹುಡುಗಿ, ಹಿಂದಿನ ದಿನದ ಮಧ್ಯಾಹ್ನ, ಎಲ್ಲವನ್ನೂ ದವಡೆಗೆ ತಂದೆ. ಮಾಮಿಯ ಬೆರಳಿನ ಮೇಲೆ ನನ್ನ ಹಲ್ಲು ಕೂತವು.

ಮಾಮಿ ಕೈ ಎಳೆದುಕೊಳ್ಳಲಿಲ್ಲ. ಜೀವ ಹೋಗುವಾಗ ಹಲ್ಲು ಹಾಗೆ ಕಚ್ಚಿಕೊಳ್ಳುತ್ತದೆ ಎಂದು ಹಿಂದಿನಿಂದ ಯಾರೋ ವಿವರಿಸಿದರು. ಮಾಮಿ ನನ್ನ ಕಿವಿಗೆ ಬಾಯಿಟ್ಟರು. ಮೂರು ದಿನಗಳಲ್ಲಿ ನನ್ನ ಬಗ್ಗೆ ಮಾತಾಡದೆ, ನನ್ನೊಡನೆ ಮಾತಾಡಿದವರು ಅವರೇ ಮೊದಲು. ಭೋಜನ ಆ ಎರಡು ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಇನ್ನೊಂದು ಸಲ ಕಚ್ಚು," ಎಂದರು.

ಕಚ್ಚಿದೆ.

"ಪ್ಲಾಸ್ಟರು ಹಚ್ಚು," ಎಂದು ಮಾಮಿ ತಲೆ ಎತ್ತಿ ಹೇಳಿದರು. "ಚೀಲ ಹಿಡಿ. ವ್ಯಾನು ತಾ."

ಹಣ ಬೆರಳಿನ ಜೊತೆ ಹೊರಗೆ ಬಂತು. ಅವರು ಅದನ್ನು ಒರೆಸಿ ಮತ್ತೆ ಬಟ್ಟೆಯಲ್ಲಿ ಕಟ್ಟಿಕೊಂಡರು. ಅಣ್ಣ ತನಗೆ ಗೊತ್ತಿರುವ ಮೈಸೂರಿನ ಆಸ್ಪತ್ರೆಗೇ ಹೋಗೋಣ ಎಂದು ಹಟ ಹಿಡಿದ. ಗೂಡಲೂರು, ಬಂಡೀಪುರ, ಗುಂಡ್ಲುಪೇಟೆ, ಅಷ್ಟು ದಾರಿಯುದ್ದಕ್ಕೂ ಮಾಮಿ ಮತ್ತು ಅಣ್ಣ ಒತ್ತಿದರು. ಭೋಜ ಮುಂದಿನ ಸೀಟಿನಲ್ಲಿ ಕೂತಿದ್ದ. ಹಿಂದೆ ತಿರುಗಿ ನೋಡಿದನೋ ಇಲ್ಲವೋ, ನನ್ನ ಕಣ್ಣು ಮುಚ್ಚಿತ್ತು.

ಮೈಸೂರಿನ ಡಾಕ್ಟರು ನನ್ನ ಕೂದಲು ಸರಿಸಿ ಕಿವಿಯ ಹಿಂದೆ ಎರಡು ಸಣ್ಣ ಚುಕ್ಕೆ ತೋರಿಸಿದರು. ಮೈಮೇಲೆ ಬಿಳಿ ಪಟ್ಟೆಯ ಕರಿ ಹಾವು, ಮಲಗಿದವರನ್ನು ಕಚ್ಚುತ್ತದೆ, ನೋವೇ ಆಗುವುದಿಲ್ಲ, ಕೈಕಾಲು ಕಣ್ಣು ಉಸಿರು ಎಲ್ಲ ನಿಲ್ಲುತ್ತದೆ, ಮೆದುಳಿಗೆ ಏನೂ ಆಗಿರುವುದಿಲ್ಲ ಅಂದರು. ವಿಷ ತಾನಾಗಿ ಇಳಿಯುವವರೆಗೆ ಉಸಿರು ಕೊಡುತ್ತ ಇದ್ದರೆ ಬದುಕುತ್ತಾರಂತೆ. ನೀವು ಕೊಟ್ಟಿದ್ದೀರಿ, ಭೇಷ್ ಎಂದು ಮನೆಯವರನ್ನು ಹೊಗಳಿದರು. ಹೊಗಳಿಸಿಕೊಳ್ಳುವಾಗ, ಅದೇ ವ್ಯಾನಿನಲ್ಲಿ ಬಂದಿದ್ದ ಪದ್ಮಳೂ ಮುಂದೆ ಬಂದು ನಿಂತಿದ್ದಳಂತೆ.

ಅಲ್ಲಿ ಯಂತ್ರವಿತ್ತು. ಅದು ಉಸಿರು ಕೊಟ್ಟ ಮೊದಲ ರಾತ್ರಿ ಕಣ್ಣಂಚಿನಿಂದ ನೀರು ಇಳಿಯಿತು, ಸಂತೋಷಕ್ಕೆ. ಆ ಪೆಟ್ಟಿಗೆಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ, ಬೇಸರವೂ ಇರಲಿಲ್ಲ. ನನ್ನ ಅಡುಗೆಯ ಬಗ್ಗೆ ಅದಕ್ಕೆ ಅಭಿಪ್ರಾಯವಿರಲಿಲ್ಲ.

ವಾಪಸು ಬಂದ ಮೇಲೆ ಕೆಲವು ಹೆಂಗಸರು ಶುಭಕಾರ್ಯಕ್ಕೆ ನನ್ನನ್ನು ಕರೆಯಲು ಹಿಂಜರಿದರು, ಬಾಯಿಗೆ ಹಣ ಇಡಿಸಿಕೊಂಡವಳೆಂದು. ಹಾಗೆಂದು ಯಾವ ಶಾಸ್ತ್ರವೂ ಇಲ್ಲ, ಬಾಯಿಗೆ ಬಂದದ್ದು ಅಷ್ಟೆ. ಅವರು ಕರೆಯದಿದ್ದರೂ ನಾನು ಹೋಗಿ ಮುಂದಿನ ಸಾಲಿನಲ್ಲಿ ಕೂತು ಉಂಡು ಬಂದೆ. ಯಾರ ಮನೆಗಾದರೂ ಚೀಲ ಒತ್ತುತ್ತ ರೋಗಿಯನ್ನು ತಂದರೆಂದು ಸುದ್ದಿ ಬಂದರೂ ಹೋಗುತ್ತೇನೆ. ಕಿವಿಯ ಹತ್ತಿರ ಕೂತು, ನಾನು ಇಂಥವಳು, ಇಂದು ಇಂಥ ವಾರ, ಹೊರಗೆ ಬಿಸಿಲಿದೆ, ಮೂಗಿನ ಮೇಲೆ ನೊಣ ಕೂತಿದೆ ಓಡಿಸುತ್ತೇನೆ ಎಂದು ಹೇಳುತ್ತೇನೆ. ಇದುವರೆಗೆ ಯಾರೂ ಎದ್ದಿಲ್ಲ. ಎಲ್ಲರೂ ನಿಜವಾಗಿಯೇ ಸಾಯುತ್ತಿದ್ದವರು. ಹಾಗಿದ್ದರೂ ಹೇಳುತ್ತೇನೆ.

ಮಾಮಿ ಇನ್ನೂ ಕೆಲವು ವರ್ಷ ಬದುಕಿದ್ದರು, ನನ್ನನ್ನು ಹಂಗಿಸುವುದನ್ನು ಬಿಡಲಿಲ್ಲ. ಸಾಯುವಾಗ ಅದೇ ಹಣವನ್ನು ಅವರ ಬಾಯಿಗೆ ಇಟ್ಟವಳು ನಾನು. ಬೆರಳನ್ನು ಬೇಕೆಂದೇ ಸ್ವಲ್ಪ ಹೊತ್ತು ಒಳಗೇ ಬಿಟ್ಟೆ. ಅವರು ಕಚ್ಚಲಿಲ್ಲ.

ಅವರಿರುವವರೆಗೆ ಭೋಜನನ್ನು ಕೇಳಬಾರದೆಂದು ಇಟ್ಟುಕೊಂಡಿದ್ದೆ. ತಾಯಿಯ ಮುಂದೆ ಮಗನನ್ನು ಕೊಲೆಗಾರ ಮಾಡುವುದು ಬೇಡವಾಗಿತ್ತು. ಅವರು ಹೋದ ಮೇಲಿನ ಒಂದು ಮಧ್ಯಾಹ್ನ ಇಬ್ಬರೇ ಕ್ಯಾರೆಟ್ ಕೀಳುತ್ತಿದ್ದೆವು. ಅವನು ಒಳ್ಳೆಯ ಗಂಡನೇ. ಹೊಡೆಯಲಿಲ್ಲ, ಇನ್ನೊಂದು ಮದುವೆಯಾಗಲಿಲ್ಲ, ಈಗ ಮಂಚದ ಮೇಲೆ ನನ್ನನ್ನು ಮಲಗಿಸಿ ತಾನು ಕೆಳಗೆ ಮಲಗುತ್ತಾನೆ. ನಾನು ತಲೆ ಎತ್ತದೆ ಕೇಳಿದೆ.

"ಆ ದಿನ ಚೀಲ ಬಿಟ್ಟೆಯಲ್ಲ, ಎನಗೆ ಗೊತ್ತು. ಮತ್ತೆ ಏಕೆ ಒತ್ತಿದೆ?"

ಯಾವ ದಿನ ಎಂದು ಅವನು ಕೇಳಲಿಲ್ಲ. ಅವನ ಕೈ ಮಣ್ಣಿನಲ್ಲೇ ನಿಂತಿತು. ಅಷ್ಟು ವರ್ಷಗಳಲ್ಲಿ ಅವನ ಪರವಾಗಿ ನಾನೇ ಎಷ್ಟೋ ಉತ್ತರ ಮಾಡಿಟ್ಟುಕೊಂಡಿದ್ದೆ. ಹೆದರಿಕೆಯಾಯಿತು ಅಂದಿದ್ದರೂ ಆಗುತ್ತಿತ್ತು. ನೀನಿಲ್ಲದೆ ಆಗದು ಅನ್ನಿಸಿತು ಎಂದು ಸುಳ್ಳು ಹೇಳಿದ್ದರೂ ನಂಬುತ್ತಿದ್ದೆ, ನಂಬಲು ಸಿದ್ಧವಾಗಿಯೇ ಕೇಳಿದ್ದೆ.

"ಅವ್ವೆ ಬಂದಳಲ್ಲ," ಎಂದ.

ಇಬ್ಬರೂ ಮತ್ತೆ ಬಗ್ಗಿ ಸಾಲು ಮುಗಿಸಿದೆವು. ಮೂಟೆಗಳು ಸಂಜೆಯ ಲಾರಿಗೆ ಹೋಗಬೇಕಿತ್ತು.